ತಲೆ, ಕೈ ಮತ್ತು ಕೋಲು ಹೊರಗೆ ಹಾಕಬೇಡಿ

ನಾನು ಓದಲು ಕಲಿತದ್ದು ಶಾಲೆಯಲ್ಲಿ ಅಲ್ಲ, ಬಸ್ಸಿನಲ್ಲಿ ಅಂತ ಆಯಿ ಯಾವಾಗಲೂ ಹೇಳುತ್ತಿದ್ದಳು. ಅನಮೋಡದಿಂದ ರಾಮನಗರಕ್ಕೆ, ಅಲ್ಲಿಂದ ಲೋಂಡಾಕ್ಕೆ ಹೋಗುವ ಕೆಂಪು ಬಸ್ಸಿನ ಕಿಟಕಿ ಪಕ್ಕ ಕೂತು ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದ ಮೊದಲ ವಾಕ್ಯ "ತಲೆ, ಕೈ ಹೊರಗೆ ಹಾಕಬೇಡಿ". ಓದಿ ಮುಗಿಸಿದ ಖುಷಿಗೆ ಕೈಯನ್ನು ಹೊರಗೆ ಹಾಕಿಯೇ ತೋರಿಸಿದೆನಂತೆ, ಆಯಿ ತಲೆಗೊಂದು ಮೊಟಕಿದಳಂತೆ. ಅದೆಲ್ಲ ನನಗೆ ನೆನಪಿಲ್ಲ. ಆದರೆ ಆ ನಾಲ್ಕು ಪದಗಳ ಹಿಂದೆ ಇಷ್ಟು ದೊಡ್ಡ ಲೆಕ್ಕಾಚಾರ ಇದೆ ಅಂತ ಗೊತ್ತಾಗಲು ನನಗೆ ನಲವತ್ತು ವರ್ಷ ದಾಟಬೇಕಾಯಿತು. ಬೇರೆ ಯಾರದೋ ಮಗುವಿನ ಹಣೆಗೆ ಎರಡು ಹೊಲಿಗೆ ಬೀಳಬೇಕಾಯಿತು.

ಇರಲಿ, ಮೊದಲಿನಿಂದ ಹೇಳುತ್ತೇನೆ.

ಅನಮೋಡ ಗೊತ್ತಿಲ್ಲದವರಿಗೆ - ಬೆಳಗಾವಿಯಿಂದ ಗೋವಾಕ್ಕೆ ಹೋಗುವ ಹೆದ್ದಾರಿಯಲ್ಲಿ ಕರ್ನಾಟಕದ ಕಡೇ ಊರು ಅದು. ಜೋಯಿಡಾ ತಾಲೂಕು. ಹಿಂದೆ ನಾಲ್ಕು ಎ ಅಂತಿದ್ದ ಹೆದ್ದಾರಿ ಈಗ 748. ಖಾನಾಪುರ, ಲೋಂಡಾ, ರಾಮನಗರ, ತಿನೈಘಾಟ್ ದಾಟಿ ಬಂದರೆ ಅನಮೋಡ. ಅಲ್ಲಿಂದ ಘಾಟಿ ಇಳಿದರೆ ಗೋವಾದ ಮೋಲೆಂ. ಸುತ್ತ ಕಾಡೇ ಕಾಡು. ಊರಲ್ಲಿ ಕನ್ನಡಕ್ಕಿಂತ ಕೊಂಕಣಿ, ಮರಾಠಿ ಜಾಸ್ತಿ. ಜೂನ್‌ನಲ್ಲಿ ಶುರುವಾದ ಮಳೆ ಗಣೇಶ ಚೌತಿವರೆಗೂ ಬಿಡುವು ಕೊಡುವುದಿಲ್ಲ. ಉಂಬಳ ಚಪ್ಪಲಿ ಒಳಗೂ ಇರುತ್ತದೆ, ಹಾಸಿಗೆ ಒಳಗೂ ಇರುತ್ತದೆ :)

ಅಪ್ಪ ಯಲ್ಲಾಪುರ ಕಡೆಯಿಂದ ಬಂದು ಅಲ್ಲಿ ಒಂದು ಸಣ್ಣ ಹೊಟೇಲು ಹಾಕಿದ್ದ. ಹೊಟೇಲು ಅಂದರೆ ತಗಡಿನ ಮಾಡು, ಎರಡು ಬೆಂಚು, ಒಂದು ಗಾಜಿನ ಕಪಾಟು, ಅದರೊಳಗೆ ಬನ್ಸು ಮತ್ತು ಖಾರಾ. ಘಾಟಿ ಹತ್ತಿ ಬಂದ ಲಾರಿಯವರು ಇಂಜಿನ್ ತಣ್ಣಗಾಗಲಿ ಅಂತ ನಿಲ್ಲಿಸುತ್ತಿದ್ದರು. ಗೋವಾ ಟೂರಿಗೆ ಹೋಗುವವರು ವಾಂತಿ ಮಾಡಿಕೊಂಡು ಬಂದು ನಿಂಬೆ ಶರಬತ್ತು ಕೇಳುತ್ತಿದ್ದರು. ಅಪ್ಪನಿಗೆ ಎಲ್ಲರೂ "ಹೊಟೇಲ್ ಭಟ್ರು".

ಈಗ ಕೋಲಿನ ವಿಷಯಕ್ಕೆ ಬರೋಣ.

2015ರ ಸುಮಾರಿಗೆ ಎಲ್ಲರ ಕೈಯಲ್ಲೂ ಸೆಲ್ಫಿ ಸ್ಟಿಕ್ ಬಂತಲ್ಲ, ನಾನೂ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಚೌಕಾಸಿ ಮಾಡಿ 200 ರೂಪಾಯಿಗೆ ಒಂದು ತಂದೆ. ಹೆಂಡತಿ ನಕ್ಕಳು. "ಮೊದಲ ನಿಮ್ಮ ಕೈ ಉದ್ದ, ಅದಕ್ಕ ಇನ್ನೊಂದ ಕೋಲು ಬೇರೆ" ಅಂದಳು. ಆದರೆ ನನಗೆ ಅದು ಬೇಕಿತ್ತು. ಯಾಕೆ ಅಂದರೆ, ನಮ್ಮ ಮನೆ ಆಲ್ಬಮ್ ತೆಗೆದು ನೋಡಿ: ಹೆಂಡತಿ ಇದ್ದಾಳೆ, ಮಗ ಇದ್ದಾನೆ, ಅತ್ತೆ ಮಾವ ಇದ್ದಾರೆ, ಗೋಲಗುಮ್ಮಟ ಇದೆ, ಜೋಗ ಇದೆ. ನಾನಿಲ್ಲ. ಫೋಟೋ ತೆಗೆಯುವವನು ಫೋಟೋದಲ್ಲಿ ಇರುವುದಿಲ್ಲ ಎನ್ನುವುದು ಕ್ಯಾಮೆರಾ ಹುಟ್ಟಿದಾಗಿನಿಂದ ಇರುವ ಗೋಳು. ಕೆಲವು ಫೋಟೋಗಳಲ್ಲಿ ನನ್ನ ನೆರಳು ಮಾತ್ರ ಬಿದ್ದಿದೆ.

ಈ ಕೋಲು ಹುಟ್ಟಿದ್ದೂ ಇದೇ ಗೋಳಿನಿಂದ. 1980ರ ದಶಕದಲ್ಲಿ ಜಪಾನಿನ ಮಿನೋಲ್ಟಾ ಕ್ಯಾಮೆರಾ ಕಂಪನಿಯಲ್ಲಿದ್ದ ಹಿರೋಶಿ ಉಯೆದಾ ಎಂಬವರು ಪ್ಯಾರಿಸ್ಸಿಗೆ ಪ್ರವಾಸ ಹೋಗಿದ್ದರಂತೆ. ಲೂವ್ರ್ ಮ್ಯೂಸಿಯಂ ಮುಂದೆ ಹೆಂಡತಿ ಜೊತೆ ನಿಂತು ಒಬ್ಬ ಹುಡುಗನ ಕೈಗೆ ಕ್ಯಾಮೆರಾ ಕೊಟ್ಟು "ಒಂದು ಫೋಟೋ ತೆಗಿಯಪ್ಪಾ" ಅಂದರೆ ಆ ಹುಡುಗ ಕ್ಯಾಮೆರಾ ತೆಗೆದುಕೊಂಡು ಓಡಿಯೇ ಹೋದ! ಅವರು ಊರಿಗೆ ಬಂದು ಉದ್ದ ಮಾಡಬಹುದಾದ ಒಂದು ಕೋಲು ಮಾಡಿದರು. 1983ರಲ್ಲಿ ಪೇಟೆಂಟ್ ಆಯಿತು, ಮಾರಾಟಕ್ಕೂ ಬಂತು. ಯಾರೂ ಕೊಳ್ಳಲಿಲ್ಲ. 1995ರಲ್ಲಿ "ಕೆಲಸಕ್ಕೆ ಬಾರದ ಆವಿಷ್ಕಾರಗಳು" ಎಂಬಂಥ ಒಂದು ಪುಸ್ತಕದಲ್ಲಿ ಆ ಕೋಲು ಸೇರಿತು. 2014ಕ್ಕೆ ನೋಡಿದರೆ ಟೈಮ್ ಪತ್ರಿಕೆ ಸೆಲ್ಫಿ ಸ್ಟಿಕ್ಕನ್ನು ಆ ವರ್ಷದ ಉತ್ತಮ ಆವಿಷ್ಕಾರಗಳ ಪಟ್ಟಿಗೆ ಹಾಕಿತು. ಅಷ್ಟು ಹೊತ್ತಿಗೆ ಉಯೆದಾ ಅವರ ಪೇಟೆಂಟಿನ ಅವಧಿ ಮುಗಿದಿತ್ತು. ನಸೀಬು ಅಂದರೆ ಇದು.

ನಾನು ಕೋಲು ತಂದ ಮರುವರ್ಷ, 2016ರ ಬೇಸಿಗೆ ರಜೆಯಲ್ಲಿ, ಮಗನನ್ನು ಕರೆದುಕೊಂಡು ಒಂದು ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋದೆವು. ಯಾವ ಪಾರ್ಕು ಅನ್ನುವುದು ಬೇಡ, ತಪ್ಪು ಅವರದ್ದಲ್ಲ. ಮಗನಿಗೆ ಆಗ ಏಳು ವರ್ಷ. ದೊಡ್ಡ ಹಡಗಿನಂಥ ಜೋಕಾಲಿ ಇರುತ್ತದಲ್ಲ, ಜಾತ್ರೆಯಲ್ಲೂ ಬರುತ್ತದೆ, ನಾವೆಲ್ಲ ಕೊಲಂಬಸ್ ಅನ್ನುತ್ತೇವೆ, ಅದಕ್ಕೆ ಪಾಳಿ ಹಚ್ಚಿದೆವು. "ಮೊಬೈಲ್, ಕ್ಯಾಮೆರಾ, ಸೆಲ್ಫಿ ಸ್ಟಿಕ್ ಒಯ್ಯಬಾರದು" ಅಂತ ಕನ್ನಡದಲ್ಲೇ, ದೊಡ್ಡ ಅಕ್ಷರದಲ್ಲೇ ಬರೆದಿತ್ತು. ಓದಲು ಬಾರದವನಲ್ಲವಲ್ಲ ನಾನು! ಕೋಲನ್ನು ಮಡಚಿ ಪ್ಯಾಂಟಿನ ಕಿಸೆಯಲ್ಲಿ ಇಟ್ಟುಕೊಂಡು, ಮೇಲೆ ಅಂಗಿ ಎಳೆದುಕೊಂಡು ಹತ್ತಿದೆ. ಮಗ ಮೊದಲ ಸಲ ಕೊಲಂಬಸ್ ಹತ್ತುತ್ತಿದ್ದ. ಅವನ ಮುಖ ನನಗೆ ಬೇಕಿತ್ತು. ಅಷ್ಟೇ ನನ್ನ ತಲೆಯಲ್ಲಿ ಇದ್ದದ್ದು.

ಕೊಲಂಬಸ್‌ನಲ್ಲಿ ಕೂತವರಿಗೆ ಗೊತ್ತು, ಅರ್ಧ ಜನ ಈ ಕಡೆ, ಅರ್ಧ ಜನ ಆ ಕಡೆ, ಎದುರುಬದುರು. ನಮ್ಮ ಬದಿ ಮೇಲೆ ಹೋದಾಗ ಎದುರಿನವರು ನಮ್ಮ ಕೆಳಗೆ ಇರುತ್ತಾರೆ. ಎರಡು ಜೀಕು ಆದ ಮೇಲೆ ನಾನು ಕೋಲು ತೆಗೆದು ಉದ್ದ ಮಾಡಿದೆ. ಮಗ ಕಿರುಚುತ್ತಿದ್ದ, ನಾನು ನಗುತ್ತಿದ್ದೆ. ಮೇಲೆ ಹೋಗಿ ಒಂದು ಕ್ಷಣ ತೂಕವೇ ಇಲ್ಲದಂತೆ ಆಗುತ್ತದಲ್ಲ, ಅಲ್ಲಿ 200 ರೂಪಾಯಿಯ ಆ ಕೋಲಿನ ಹಿಡಿ ಮೊಬೈಲನ್ನು ಬಿಟ್ಟುಬಿಟ್ಟಿತು.

ಎದುರು ಸಾಲಿನಲ್ಲಿ ಅಪ್ಪನ ತೋಳು ಹಿಡಿದು ಕೂತಿದ್ದ ಒಂದು ಹುಡುಗಿ. ಐದಾರು ವರ್ಷ ಇರಬಹುದು. ಹುಬ್ಬಿನ ಮೇಲೆ ಬಡಿಯಿತು.

ಕೊಲಂಬಸ್ ಒಮ್ಮೆಲೇ ನಿಲ್ಲುವುದಿಲ್ಲ. ನಡೆಸುವವನು ಬ್ರೇಕ್ ಹಾಕಿದ ಮೇಲೂ ಅದು ಜೀಕುತ್ತ ಜೀಕುತ್ತ ಸಾವಕಾಶ ನಿಲ್ಲುತ್ತದೆ. ಅಷ್ಟು ಹೊತ್ತೂ ನಾನು ಆ ಮಗುವಿನ ಮುಖಕ್ಕೆ ಎದುರಾಗಿ, ಒಮ್ಮೆ ಮೇಲೆ ಒಮ್ಮೆ ಕೆಳಗೆ. ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಕೈಯಲ್ಲಿ ಖಾಲಿ ಕೋಲು ಹಿಡಿದುಕೊಂಡೇ ಇದ್ದೆ. ಅಷ್ಟು ದೀರ್ಘವಾದ ಒಂದು ನಿಮಿಷ ನನ್ನ ಜೀವನದಲ್ಲಿ ಇನ್ನೊಂದಿಲ್ಲ.

ಅಲ್ಲೇ ಇದ್ದ ಪ್ರಥಮ ಚಿಕಿತ್ಸೆ ಕೋಣೆಯಿಂದ ಪಕ್ಕದ ಆಸ್ಪತ್ರೆಗೆ ಹೋಗಿ ಎರಡು ಹೊಲಿಗೆ ಹಾಕಿಸಿಕೊಂಡು ಬಂದರು. ಕಣ್ಣಿಗೆ ಏನೂ ಆಗಿರಲಿಲ್ಲ. ನಾನು ಖರ್ಚು ಕೊಡಲು ಹೋದೆ, ಅವಳ ಅಪ್ಪ ತೆಗೆದುಕೊಳ್ಳಲಿಲ್ಲ. ಬೈಯುತ್ತಾನೆ, ಹೊಡೆಯುತ್ತಾನೆ ಅಂದುಕೊಂಡಿದ್ದೆ. ಅವನು ನನ್ನ ಮೊಬೈಲನ್ನು ನನ್ನ ಕೈಗೆ ಕೊಟ್ಟು ಒಂದೇ ಮಾತು ಕೇಳಿದ: "ಫೋಟೋ ಚಲೋ ಬಂತೇನ್ರಿ?"

ಅದು ಫೋಟೋ ಅಲ್ಲ, ವಿಡಿಯೋ ಆಗಿತ್ತು. ರಾತ್ರಿ ನೋಡಿದೆ. ಮಗನ ಮುಖ ನಿಜವಾಗಿ ಚೆನ್ನಾಗಿ ಬಂದಿತ್ತು. ಆಮೇಲೆ ಆಕಾಶ, ಆಮೇಲೆ ಕತ್ತಲೆ, ಆಮೇಲೆ ಆ ಮಗುವಿನ ದನಿ. ಅಳಿಸಿ ಹಾಕಿದೆ. ಮಗನ ಮುಖವೂ ಅದರ ಜೊತೆಗೇ ಹೋಯಿತು.

ಆಮೇಲೆ ಇದರ ಬಗ್ಗೆ ಒಂದಷ್ಟು ಓದಿದೆ. ಇಂಥ ಆಟಗಳನ್ನು ವಿನ್ಯಾಸ ಮಾಡುವವರು ಕೂತ ಮನುಷ್ಯನ ಸುತ್ತ ಒಂದು ಗೆರೆ ಎಳೆಯುತ್ತಾರಂತೆ. ಕೈ ಪೂರಾ ಚಾಚಿದರೆ ಎಲ್ಲಿವರೆಗೆ ಮುಟ್ಟುತ್ತದೆ, ಕಾಲು ಚಾಚಿದರೆ ಎಲ್ಲಿವರೆಗೆ, ಅದಕ್ಕೆ ಇನ್ನಷ್ಟು ಜಾಗ ಸೇರಿಸಿ, ಆ ಗೆರೆಯೊಳಗೆ ಕಂಬ, ತೊಲೆ, ಗೋಡೆ ಯಾವುದೂ ಬರದಂತೆ ಕಟ್ಟುತ್ತಾರೆ. ಅಂದರೆ ನಾವು ಹುಚ್ಚರ ಹಾಗೆ ಕೈ ಬೀಸುತ್ತೇವೆ ಅಂತ ಅವರಿಗೆ ಮೊದಲೇ ಗೊತ್ತು, ಅದಕ್ಕೂ ಜಾಗ ಬಿಟ್ಟಿರುತ್ತಾರೆ. ಆದರೆ ಮೂರಡಿ ಕೋಲು ಹಿಡಿದರೆ ನಮ್ಮ ಕೈ ಒಮ್ಮೆಲೇ ಎರಡು ಪಟ್ಟು ಆಗುತ್ತದೆ. ಅವರ ಲೆಕ್ಕ ಅಲ್ಲಿಗೆ ಮುಗಿಯಿತು. ನಮ್ಮ ಕೆಂಪು ಬಸ್ಸಿನ ಆ ನಾಲ್ಕು ಪದ ಇದ್ದವಲ್ಲ, ಅದೂ ಇದೇ ಲೆಕ್ಕ. ಬಸ್ಸಿಗೂ ಮರಕ್ಕೂ ನಡುವೆ, ಬಸ್ಸಿಗೂ ಎದುರಿಗೆ ಬರುವ ಲಾರಿಗೂ ನಡುವೆ ಒಂದು ಕೈ ಅಗಲದ ಜಾಗವೂ ಇರುವುದಿಲ್ಲ.

ಡಿಸ್ನಿಯವರು 2015ರ ಜೂನ್ 30ರಿಂದ ಅಮೆರಿಕದ ತಮ್ಮ ಪಾರ್ಕುಗಳೊಳಗೆ ಸೆಲ್ಫಿ ಸ್ಟಿಕ್ ತರುವುದನ್ನೇ ನಿಲ್ಲಿಸಿದರು. ಅದಕ್ಕೂ ಮೊದಲು ಆಟ ಹತ್ತುವಾಗ ಮಾತ್ರ ಬೇಡ ಅಂತಿತ್ತು. ಜನ ಕೇಳಬೇಕಲ್ಲ? ಅದೇ ತಿಂಗಳು ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ರೋಲರ್ ಕೋಸ್ಟರ್ ಮೇಲೆ ಕೋಲು ಹೊರಗೆ ತೆಗೆದು, ಅದನ್ನು ನಿಲ್ಲಿಸಬೇಕಾಗಿ ಬಂದಿತ್ತು. ಈ ಸುದ್ದಿಯನ್ನು ನಾನು ಆಗಲೇ ಪೇಪರಿನಲ್ಲಿ ಓದಿದ್ದೆ, "ಎಂಥಾ ಮಂದಿ ಇರ್ತಾರ ನೋಡು" ಅಂತ ಹೆಂಡತಿಗೆ ಓದಿ ಹೇಳಿದ್ದೆ ಕೂಡ. ಒಂದು ವರ್ಷ ಆಗಿರಲಿಲ್ಲ.

ನಮ್ಮ ದೇಶದ ಲೆಕ್ಕ ಕೇಳಿದರೆ ಇನ್ನೂ ಗಾಬರಿ. 2016ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ, ದೆಹಲಿಯ ಐಐಐಟಿ ಇತ್ಯಾದಿ ಕಡೆಯವರು ಸೇರಿ ಮಾಡಿದ ಅಧ್ಯಯನದಲ್ಲಿ 2014ರ ಮಾರ್ಚ್‌ನಿಂದ ಎರಡೂವರೆ ವರ್ಷದಲ್ಲಿ ಜಗತ್ತಿನಲ್ಲಿ ಸೆಲ್ಫಿ ತೆಗೆಯುವಾಗ ಸತ್ತವರು 127 ಜನ, ಅದರಲ್ಲಿ 76 ಜನ ಭಾರತದವರು ಅಂತ ಲೆಕ್ಕ ಸಿಕ್ಕಿತು. ನೀರು, ಎತ್ತರ, ರೈಲು ಹಳಿ - ಬಹಳಷ್ಟು ಇವೇ. ಪಾರ್ಕಿನಲ್ಲಾದರೆ ಸೀಟಿ ಊದುವವನು ಒಬ್ಬ ಇರುತ್ತಾನೆ. ಘಾಟಿಯಲ್ಲಿ ಯಾರಿದ್ದಾರೆ?

ನಮ್ಮ ಊರಿನ ಕಡೆಯದ್ದೇ ಹೇಳುತ್ತೇನೆ. ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ರೈಲು ದಾರಿ ದೂಧಸಾಗರ ಜಲಪಾತದ ಎದುರಿಗೇ ಹಾದು ಹೋಗುತ್ತದೆ. 2013ರಲ್ಲಿ ಚೆನ್ನೈ ಎಕ್ಸ್‌ಪ್ರೆಸ್ ಸಿನಿಮಾದಲ್ಲಿ ರೈಲು ಬಂದು ಜಲಪಾತದ ಮುಂದೆ ನಿಂತದ್ದನ್ನು ಎಲ್ಲರೂ ನೋಡಿದರಲ್ಲ, ಆಮೇಲೆ ಹಳಿಯ ಮೇಲೆ ನಡೆದು ಬರುವವರು ಇನ್ನೂ ಹೆಚ್ಚಾದರು. ಒಂದು ಕಡೆ ಗುಡ್ಡ, ಒಂದು ಕಡೆ ಪ್ರಪಾತ, ನಡುವೆ ಸುರಂಗ. ಮಳೆಯಲ್ಲಿ ಜಲಪಾತದ ಸದ್ದಿಗೆ ರೈಲಿನ ಸದ್ದೇ ಕೇಳುವುದಿಲ್ಲ. 2023ರ ಜುಲೈನಲ್ಲಿ ಹಾಗೆ ಬಂದ ನೂರಾರು ಹುಡುಗರನ್ನು ತಡೆದು, ಕೆಲವರ ಕೈಲಿ ಹಳಿಯ ಪಕ್ಕದಲ್ಲೇ ಬಸ್ಕಿ ಹೊಡೆಸಿದ ವಿಡಿಯೋ ಎಲ್ಲಾ ಕಡೆ ಓಡಾಡಿತು. ದೂಧಸಾಗರದ ಚೆಲುವನ್ನು ಬೋಗಿಯ ಒಳಗೆ ಕೂತೇ ನೋಡಿ ಅಂತ ನೈರುತ್ಯ ರೈಲ್ವೆಯವರು ಕೈಮುಗಿದು ಕೇಳಿಕೊಂಡರು. ಹಳಿಯ ಮೇಲೆ ಅತಿಕ್ರಮ ಪ್ರವೇಶ ಮಾಡಿದರೆ ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಇದೆ. ವಿದ್ಯುತ್ ರೈಲಿನ ದಾರಿಯಾದರೆ ತಲೆ ಮೇಲೆ 25 ಸಾವಿರ ವೋಲ್ಟಿನ ತಂತಿ, ಕೈಯಲ್ಲಿ ಸ್ಟೀಲಿನ ಕೋಲು.. ಯೋಚಿಸಿ.

ಬಸ್ಕಿ ಹೊಡೆಯುವ ಹುಡುಗರನ್ನು ನೋಡಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಇನ್ನೊಂದು ಮಾತು. ಕೋಲಿನಿಂದ ಏಟು ಬೀಳುವುದಷ್ಟೇ ಅಲ್ಲ, ಅದರಿಂದ ಒಂದು ಸಣ್ಣ ರೂಢಿಯೂ ತಪ್ಪಿಹೋಯಿತು. ಮೊದಲು ಎಲ್ಲಿಗೆ ಹೋದರೂ "ಸರ್, ಒಂದು ಫೋಟೋ ತೆಗೀತೀರಾ?" ಅಂತ ಯಾರನ್ನಾದರೂ ಕೇಳುತ್ತಿದ್ದೆವು. ಅವರು ತೆಗೆದುಕೊಟ್ಟ ಮೇಲೆ "ನಿಮ್ಮದೂ ತೆಗೀಲೇನ್ರಿ?" ಅನ್ನುತ್ತಿದ್ದೆವು. ಯಾವ ಊರು, ಎಲ್ಲಿ ಇಳಿದುಕೊಂಡಿದ್ದೀರಿ ಅಂತ ಎರಡು ಮಾತು ಆಗುತ್ತಿತ್ತು. ಈಗ ಕೋಲು ಇದೆ, ಯಾರ ಹಂಗೂ ಇಲ್ಲ. ಎದುರಿಗೆ ನಿಂತ ಮನುಷ್ಯ ನಮಗೆ ಬರೀ ಅಡ್ಡ. "ಸ್ವಲ್ಪ ಸರೀರಿ, ಫ್ರೇಮಿನಾಗ ಬರಾಕತ್ತೀರಿ" ಅನ್ನುವುದಷ್ಟೇ ಉಳಿದಿದೆ.

ಅಪ್ಪನ ಫೋಟೋ ವಿಷಯ ನೆನಪಾಗುವುದು ಇಲ್ಲೇ.

1991ರ ಡಿಸೆಂಬರ್. ನಾನು ಹೈಸ್ಕೂಲು. ಒಂದು ಬಿಳಿ ಮಾರುತಿ ವ್ಯಾನು ಹೊಟೇಲ್ ಮುಂದೆ ನಿಂತಿತು. ಗೋವಾಕ್ಕೆ ಹೊರಟ ಒಂದು ಕುಟುಂಬ, ಕನ್ನಡದವರೇ, ಬೆಂಗಳೂರು ಕಡೆಯ ಮಾತು. ಅದರಲ್ಲಿ ಒಬ್ಬರ ಕುತ್ತಿಗೆಯಲ್ಲಿ ಕ್ಯಾಮೆರಾ. ಅಪ್ಪ ಎತ್ತರದಿಂದ ಚಾ ಸುರಿಯುವುದರಲ್ಲಿ ಹೆಸರುವಾಸಿ. ಆ ಮನುಷ್ಯ ಕೇಳದೇ ಕ್ಲಿಕ್ ಮಾಡಿದ. ಅಪ್ಪ ಬೈಯಲಿಲ್ಲ. "ತೆಗೀರಿ, ತೆಗೀರಿ.. ಆದರೆ ನನಗೂ ಒಂದು ಕಾಪಿ ಕಳಸಬೇಕು" ಅಂದ. ಆ ಮನುಷ್ಯ "ಖಂಡಿತಾ ಕಳಿಸ್ತೀನಿ ಭಟ್ರೇ" ಅಂತ ಸಿಗರೇಟ್ ಪಾಕೀಟಿನ ಹಿಂದೆ ವಿಳಾಸ ಬರೆದುಕೊಂಡರು. ಬರೆದುಕೊಟ್ಟವನು ನಾನೇ. ಚಾದ ದುಡ್ಡು ಅಪ್ಪ ತೆಗೆದುಕೊಳ್ಳಲಿಲ್ಲ.

ಫೋಟೋ ಬರಲಿಲ್ಲ. ಪೋಸ್ಟಿನವನು ಬಂದಾಗಲೆಲ್ಲ ಅಪ್ಪ "ಏನರ ಬಂದದೇನೋ?" ಅಂತ ಕೇಳುತ್ತಿದ್ದ. ಮೊದಮೊದಲು ನಿಜವಾಗಿ ಕೇಳುತ್ತಿದ್ದ, ಆಮೇಲೆ ಅದೊಂದು ತಮಾಷೆಯ ಮಾತಾಯಿತು. ಆದರೂ ಕೇಳುವುದನ್ನು ಬಿಡಲಿಲ್ಲ. ಅಪ್ಪ 2003ರಲ್ಲಿ ಹೋದ. ಆಗ ಹಾರ ಹಾಕಲು ಒಂದು ಫೋಟೋ ಹುಡುಕಿದರೆ ಮನೆಯಲ್ಲಿ ಇಲ್ಲ. ಕೊನೆಗೆ ಮತದಾರರ ಗುರುತಿನ ಚೀಟಿಯಲ್ಲಿದ್ದದ್ದನ್ನೇ ಸ್ಟುಡಿಯೋದವನಿಗೆ ಕೊಟ್ಟು ದೊಡ್ಡದು ಮಾಡಿಸಿದೆವು. ಗುರುತಿನ ಚೀಟಿಯ ಫೋಟೋ ಹೇಗಿರುತ್ತದೆ ನಿಮಗೆ ಗೊತ್ತು. ಈಗಲೂ ನಮ್ಮ ಗೋಡೆಯ ಮೇಲೆ ಅಪ್ಪ ಯಾರೋ ಹಿಡಿದುಕೊಂಡು ಹೋದವನ ಹಾಗೆ ಇದ್ದಾನೆ.

ಆ ವ್ಯಾನಿನ ಮನುಷ್ಯನ ಮೇಲೆ ನನಗೆ ಬಹಳ ವರ್ಷ ಸಿಟ್ಟಿತ್ತು. 2024ರ ಮಳೆಗಾಲದವರೆಗೂ ಇತ್ತು.

ಆ ಜುಲೈನಲ್ಲಿ ಮಗ, ಹೆಂಡತಿ, ನಾನು ಅನಮೋಡಕ್ಕೆ ಹೋಗಿದ್ದೆವು. ಹೊಟೇಲ್ ಇದ್ದ ಜಾಗದಲ್ಲಿ ಈಗ ಏನೂ ಇಲ್ಲ. ಘಾಟಿಯ ತಿರುವಿನಲ್ಲಿ ಸಾಲಾಗಿ ಕಾರುಗಳು, ಮಂಜು, ಎಲ್ಲರ ಕೈಯಲ್ಲೂ ಏನಾದರೊಂದು. ಕೋಲಿನ ಕಾಲ ಮುಗಿಯಿತು ಅನ್ನುತ್ತಾರೆ, ಹೆಸರು ಬದಲಾಗಿದೆ ಅಷ್ಟೆ. ಈಗ ಅದು ಟ್ರೈಪಾಡ್, ಗಿಂಬಲ್, ಸುತ್ತಲೂ ನೋಡುವ ಕ್ಯಾಮೆರಾ. ರಸ್ತೆಯ ನಡುವೆ ನಿಂತು ರೀಲ್ಸ್ ಮಾಡುತ್ತಿದ್ದ ಹುಡುಗರಿಗೆ ಲಾರಿಯವನೊಬ್ಬ ಮರಾಠಿಯಲ್ಲಿ ಉಗಿದು ಮುಂದೆ ಹೋದ. ರಸ್ತೆ ಪಕ್ಕ ತಾಡಪತ್ರಿ ಕಟ್ಟಿಕೊಂಡು ಒಬ್ಬ ಮುದುಕಿ ಗೊಂಜಾಳದ ತೆನೆ ಸುಡುತ್ತಿದ್ದಳು. ನನ್ನನ್ನೇ ನೋಡಿ ನೋಡಿ, "ನೀ ಹೊಟೇಲ್ ಭಟ್ರ ಮಗಾ ಹೌದಲ್ಲ?" ಅಂದಳು. ಮೂಗು ಅಪ್ಪನದೇ ಅಂತೆ. ಅವಳು ಸಣ್ಣವಳಿದ್ದಾಗ ಕಟ್ಟಿಗೆ ಹೊರೆ ತಂದು ಹಾಕುತ್ತಿದ್ದಳಂತೆ, ಅಪ್ಪ ಚಾದ ಜೊತೆ ಬಿಸ್ಕೀಟು ಪುಕ್ಕಟೆ ಕೊಡುತ್ತಿದ್ದನಂತೆ.

"ಮಾವಶಿ, ಒಂದು ಫೋಟೋ ತೆಗೀಲೇನು?" ಅಂತ ಕೇಳಿದೆ. ಕೇಳಿಯೇ ತೆಗೆಯುವುದು ಅಂತ 2016ರಿಂದ ನಾನು ಕಲಿತ ಪಾಠ. ಮಗ ತನ್ನ ಕೋಲು ಹಿಡಿದ, ನಾವೆಲ್ಲ ಅವಳ ತಾಡಪತ್ರಿಯ ಕೆಳಗೆ ಕೂಡಿ ನಿಂತೆವು. ತೆಗೆದಾದ ಮೇಲೆ ಅವಳು ಅಂದಳು: "ನಂಗೂ ಒಂದು ಕಳಸಬೇಕು ಹಾಂ." ಅವಳ ಮಗನ ನಂಬರ್ ಕೊಟ್ಟಳು. "ಅನಮೋಡ ಗೊಂಜಾಳ" ಅಂತ ಸೇವ್ ಮಾಡಿಕೊಂಡೆ. ತೆನೆಯ ದುಡ್ಡು ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ.

ಮುಂದಿನದನ್ನು ನೀವು ಊಹಿಸಿರುತ್ತೀರಿ. ಘಾಟಿಯಲ್ಲಿ ನೆಟ್‌ವರ್ಕ್ ಇರಲಿಲ್ಲ, ಮನೆಗೆ ಹೋಗಿ ಕಳಿಸೋಣ ಅಂದುಕೊಂಡೆ. ಮನೆಗೆ ಬಂದೆ, ಸೋಮವಾರ ಆಫೀಸು, ಆಮೇಲೆ ಶ್ರಾವಣ, ಆಮೇಲೆ ಚೌತಿ. ಸೆಪ್ಟೆಂಬರಿನಲ್ಲಿ ಒಂದು ದಿನ ಮೊಬೈಲ್ ತುಂಬಿ ಹೋಗಿದೆ ಅಂತ ಬಂತು. ಕೂತು ಬೇಡದ ಫೋಟೋ ಅಳಿಸುತ್ತಿದ್ದೆ. ನೂರು, ಇನ್ನೂರು.. ಮಂಜು, ಮಂಜು, ಕಾರು, ಮಂಜು. ಹೆಬ್ಬೆರಳು ಅದರ ಮೇಲೆ ಬಂದು ನಿಂತಿತು.

ಎರಡು ತಿಂಗಳು. ಅವಳು ಮಗನನ್ನು ಎಷ್ಟು ಸಲ ಕೇಳಿರಬಹುದು, "ಏನರ ಬಂದದೇನೋ?" ಅಂತ?

ವ್ಯಾನಿನ ಆ ಮನುಷ್ಯನ ಮೇಲಿದ್ದ ಮೂವತ್ತಮೂರು ವರ್ಷದ ಸಿಟ್ಟು ಆ ಹೊತ್ತಿಗೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಪಾಪ, ಅವರಿಗೂ ಸೋಮವಾರ ಆಫೀಸು ಇದ್ದಿರಬೇಕು. ರೀಲು ತೊಳೆಸುವ ಹೊತ್ತಿಗೆ ಸಿಗರೇಟ್ ಪಾಕೀಟು ಕಸಕ್ಕೆ ಹೋಗಿರಬೇಕು.

ಕೂಡಲೇ ಕಳಿಸಿದೆ. ಎರಡು ದಿನ ಒಂದೇ ಗೆರೆ. ಮೂರನೇ ದಿನ ಒಂದು ಧ್ವನಿ ಸಂದೇಶ ಬಂತು, ಹಿಂದೆ ಜೋರು ಮಳೆ: "ಫೋಟೋ ಬಂತು. ನನ್ನ ಮೋರೆ ಸಣ್ಣದು ಬಂದದ, ನಿನ್ನ ಮಗನ ಕೋಲೇ ದೊಡ್ಡದು ಬಂದದ. ಇನ್ನೊಮ್ಮೆ ಬಾ, ಕೋಲು ಬಿಟ್ಟು ಬಾ." ಮನೆಯವರೆಲ್ಲ ಕೂತು ನಾಲ್ಕು ಸಲ ಕೇಳಿ ನಕ್ಕೆವು. ಅವಳ ಮುಖವನ್ನಷ್ಟೇ ದೊಡ್ಡದು ಮಾಡಿ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಇಟ್ಟಿದ್ದೇನೆ, ಮುಂದಿನ ಸಲ ಹೋದಾಗ ಕೈಯಲ್ಲೇ ಕೊಡಬೇಕು.

ಈಗ ನಮ್ಮ ಮನೆಯಲ್ಲಿ ಒಂದು ಕಾನೂನು ಇದೆ. ಚಲಿಸುವ ಯಾವುದರ ಮೇಲೂ ಕೋಲು, ಮೊಬೈಲು ಹೊರಗಿಲ್ಲ. ಹಳಿ, ಬಂಡೆ, ಘಾಟಿಯ ತಿರುವಿನಲ್ಲೂ ಇಲ್ಲ. ನೀರಿನ ಪಾರ್ಕಿನಲ್ಲಿ ಬೇರೆಯವರ ಮಕ್ಕಳು, ಹೆಂಗಸರು ಹಿಂದೆ ಬರುವಂತಿದ್ದರೆ ಕ್ಯಾಮೆರಾ ಚೀಲದೊಳಗೆ. ಯಾರದ್ದಾದರೂ ಫೋಟೋ ತೆಗೆದರೆ ಕೇಳಿ ತೆಗೆಯುವುದು, ಕಳಿಸುತ್ತೇನೆ ಅಂದರೆ ಅದೇ ರಾತ್ರಿ ಕಳಿಸುವುದು. ಮಗ ಇದಕ್ಕೆ "ಕೊಲಂಬಸ್ ಕಾಯ್ದೆ" ಅಂತ ಹೆಸರಿಟ್ಟಿದ್ದಾನೆ. ಕಾಯ್ದೆ ಮುರಿಯುವವನು ಹೆಚ್ಚಾಗಿ ನಾನೇ..

ಕೊನೆಗೊಂದು ಕೋರಿಕೆ. 1991ರ ಡಿಸೆಂಬರಿನಲ್ಲಿ ಬಿಳಿ ಮಾರುತಿ ವ್ಯಾನಿನಲ್ಲಿ ಬೆಂಗಳೂರು ಕಡೆಯಿಂದ ಗೋವಾಕ್ಕೆ ಹೋದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಅಥವಾ ನಿಮ್ಮ ಅಪ್ಪ, ಮಾವ, ದೊಡ್ಡಪ್ಪ ಯಾರಾದರೂ ಹೋಗಿದ್ದರೆ, ಅಟ್ಟದ ಮೇಲಿನ ಆಲ್ಬಮ್ ಒಮ್ಮೆ ತೆಗೆದು ನೋಡಿ. ತಗಡಿನ ಮಾಡಿನ ಹೊಟೇಲು, ಬನಿಯನ್ ಹಾಕಿದ ಒಬ್ಬ ಮನುಷ್ಯ ಎತ್ತರದಿಂದ ಚಾ ಸುರಿಯುತ್ತಿದ್ದಾನೆ. ಪಕ್ಕದಲ್ಲಿ ಖಾಕಿ ಚಡ್ಡಿಯ ಒಬ್ಬ ಹುಡುಗ ಫೋಟೋದಲ್ಲಿ ತಾನೂ ಬರಲಿ ಅಂತ ಕತ್ತು ಚಾಚಿದ್ದಾನೆ.

ಸಿಕ್ಕರೆ ಕಳಿಸಿ. ತಡವಾಯಿತು ಅಂತ ಸಂಕೋಚ ಬೇಡ.